ಮೆಮೊರಿ ಕಾರ್ಡ್ ಹೇಳುವ ಗಾತ್ರವನ್ನು ನಂಬುವ ಮೊದಲು ಇದನ್ನು ಓದಿ

ಹೊಸ ಮೆಮೊರಿ ಕಾರ್ಡ್ ತಂದಿದ್ದು, ಅದರಲ್ಲಿ ಇನ್ನೂ ಮುಖ್ಯವಾದದ್ದೇನೂ ತುಂಬಿಲ್ಲ ಎಂದಾದರೆ, ದಯವಿಟ್ಟು ಇದನ್ನು ಓದಿ ಮುಗಿಸುವವರೆಗೆ ತುಂಬಬೇಡಿ. ಕಾರ್ಡಿನ ಮೇಲೆ ಅಚ್ಚಾದ ಗಾತ್ರ ಸುಳ್ಳಿರಬಹುದು. ಕಂಪ್ಯೂಟರ್ ತೋರಿಸುವ ಗಾತ್ರವೂ ಸುಳ್ಳಿರಬಹುದು. ಇನ್ನೂ ಇಷ್ಟು ಫೋಟೊ ಹಿಡಿಯುತ್ತದೆ ಎಂದು ಕ್ಯಾಮೆರಾ ಕೊಡುವ ಲೆಕ್ಕವೂ ಅದೇ ಸುಳ್ಳಿನಿಂದ ಹುಟ್ಟಿದ್ದಾಗಿರಬಹುದು. ನನಗೆ ಹಾಗೇ ಆಯಿತು. ಹೋದದ್ದು ಮತ್ತೆ ತೆಗೆಯಲು ಸಾಧ್ಯವೇ ಇಲ್ಲದ ಚಿತ್ರಗಳು.

ವಿಚಿತ್ರ ಸಂಗ್ರಹಾಲಯಗಳೆಂದರೆ ನನಗೆ ಮೊದಲಿಂದಲೂ ಪ್ರಾಣ. ಅದರಲ್ಲೂ ಸರಕಾರ, ಸಂಸ್ಥೆ ಯಾವುದರ ಹಂಗೂ ಇಲ್ಲದೆ ಯಾರೋ ಒಬ್ಬರು ಜೀವಮಾನವಿಡೀ ಕೂಡಿಟ್ಟದ್ದು ಕಂಡರೆ ಬಿಟ್ಟು ಬರಲು ಮನಸ್ಸಾಗುವುದಿಲ್ಲ. ಯಂತ್ರಗಳ ರಿಪೇರಿ ಮಾಡಿಕೊಂಡು ಬಂದ ಹಿರಿಯರೊಬ್ಬರ ಮನೆಯ ಕೋಣೆಗಳಲ್ಲಿ ಅಂಥದ್ದೊಂದು ಸಂಗ್ರಹವಿತ್ತು. ಕೈಯಿಂದ ತಿರುಗಿಸುವ ಲೆಕ್ಕಯಂತ್ರಗಳು, ಮೊದಲ ತಲೆಮಾರಿನ ಡಿಜಿಟಲ್ ಕ್ಯಾಮೆರಾಗಳು, ನೆನಪು ಹಿಡಿದಿಡಲು ಮನುಷ್ಯ ಹೂಡಿದ ನೂರೆಂಟು ಉಪಾಯಗಳು. 3.5 ಇಂಚಿನ ಫ್ಲಾಪಿಯ ಮೇಲೆ ನೇರವಾಗಿ ಫೋಟೊ ಬರೆಯುತ್ತಿದ್ದ 1997ರ ಸೋನಿ ಮ್ಯಾವಿಕಾ ಅಲ್ಲಿತ್ತು. ಐಬಿಎಂ 1999ರಲ್ಲಿ ಹೊರತಂದ, ಬೆಂಕಿಪೊಟ್ಟಣಕ್ಕಿಂತ ತೆಳ್ಳಗಿನ ಮೈಕ್ರೊಡ್ರೈವ್ ಇತ್ತು. ಅಷ್ಟೇ ಜಾಗದಲ್ಲಿ ನಿಜವಾಗಿಯೂ ತಿರುಗುವ ಹಾರ್ಡ್ ಡಿಸ್ಕ್ ಅದು. ವಯಸ್ಸಾಯಿತು, ನೋಡಿಕೊಳ್ಳುವವರಿಲ್ಲ ಎಂದು ಹಿರಿಯರು ಎಲ್ಲವನ್ನೂ ಬಿಡಿಬಿಡಿಯಾಗಿ ಕೊಡಲು ನಿರ್ಧರಿಸಿದ್ದರು. ಪೆಟ್ಟಿಗೆ ಕಟ್ಟುವ ಮೊದಲು ಒಂದೊಂದನ್ನೂ ಎಲ್ಲ ಕೋನಗಳಿಂದ ಫೋಟೊ ತೆಗೆದುಕೊಡಲು ನನ್ನನ್ನು ಕರೆದರು. "ಅವಸರ ಮಾಡಬೇಡಿ, ನಿಧಾನಕ್ಕೆ ತೆಗೀರಿ. ಆಮೇಲೆ ನನಗೂ ನೋಡೋಕೆ ಉಳಿಯೋದು ಅದೊಂದೇ" ಎಂದರು.

ಅದಕ್ಕೆಂದೇ 512 ಜಿಬಿ ಕಾರ್ಡ್ ತರಿಸಿದ್ದೆ. ಹೆಸರಾಂತ ಕಂಪನಿಯ ಲೇಬಲ್, ಸೀಲ್ ಆದ ಪೊಟ್ಟಣ, ನೂರಾರು ಜನರ ಐದು ನಕ್ಷತ್ರ. ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿದೆ, ಕೆಲವು ಫೋಟೊ ತೆಗೆದು ಕಂಪ್ಯೂಟರಿಗೆ ಹಾಕಿ ನೋಡಿದೆ. ಎಲ್ಲ ಸರಿಯಿತ್ತು. ಯಾರೇ ಆದರೂ ಮಾಡುವ ಪರೀಕ್ಷೆ ಇಷ್ಟೇ. ಈ ಮೋಸ ನಿಂತಿರುವುದೂ ಇದೇ ಪರೀಕ್ಷೆಯ ಮೇಲೆ.

ಶೂಟಿಂಗ್ ಮುಗಿಸಿ ಬಂದು ಫೈಲುಗಳನ್ನು ತೆರೆದಾಗ ಮೊದಲ ಕೋಣೆಯ ಚಿತ್ರಗಳೆಲ್ಲ ಸೊಗಸಾಗಿದ್ದವು. ಎರಡನೇ ಕೋಣೆ ಶುರುವಾಗಿ ಸ್ವಲ್ಪ ಹೊತ್ತಿಗೆ ಕರ್ಟಾ ಲೆಕ್ಕಯಂತ್ರದ ಚಿತ್ರ ಬರುತ್ತದೆ. ಕರ್ಟಾ ಗೊತ್ತಿಲ್ಲದವರಿಗೆ ಹೇಳಬೇಕು: ಆಸ್ಟ್ರಿಯಾದ ಕರ್ಟ್ ಹರ್ಟ್ಸ್‌ಸ್ಟಾರ್ಕ್ ನಾಜಿಗಳ ಬುಖೆನ್‌ವಾಲ್ಡ್ ಶಿಬಿರದಲ್ಲಿ ಸೆರೆಯಾಳಾಗಿದ್ದಾಗಲೇ ಇದರ ವಿನ್ಯಾಸವನ್ನು ಬೆಳೆಸಿದರು, ಯುದ್ಧ ಮುಗಿದ ಮೇಲೆ 1948ರಿಂದ ಲಿಕ್ಟೆನ್‌ಸ್ಟೈನ್ ಎಂಬ ಪುಟ್ಟ ದೇಶದಲ್ಲಿ ಅದು ತಯಾರಾಗತೊಡಗಿತು. ಅಂಗೈಯಲ್ಲಿ ಕೂರುವ ಕಪ್ಪು ಲೋಹದ ಉರುಳೆ. ಪಕ್ಕದ ಗುಂಡಿಗಳನ್ನು ಸರಿಸಿ ಅಂಕಿ ಕೂರಿಸಿ ಮೇಲಿನ ಹಿಡಿಯನ್ನು ಒಂದು ಸುತ್ತು ತಿರುಗಿಸಿದರೆ ಕೂಡುತ್ತದೆ. ಹಿಡಿಯನ್ನು ತುಸು ಮೇಲಕ್ಕೆಳೆದು ತಿರುಗಿಸಿದರೆ ಕಳೆಯುತ್ತದೆ. ಬ್ಯಾಟರಿ ಬೇಡ, ಕರೆಂಟ್ ಬೇಡ. ಆ ಚಿತ್ರದಲ್ಲಿ ಹಿಡಿ ಮತ್ತು ಮೇಲಿನ ಅಂಕಿಗಳ ಉಂಗುರ ಮಾತ್ರ ಬಂದಿತ್ತು. ಅದರ ಕೆಳಗೆ ಚೌಕಟ್ಟಿನ ತುದಿಯವರೆಗೂ ಬರೀ ಬೂದು ಬಣ್ಣ. ಅಲ್ಲಿಂದ ಮುಂದಿನ ಒಂದು ಫೈಲೂ ತೆರೆಯಲಿಲ್ಲ.

ಗಲಿಬಿಲಿಯಾದದ್ದು ಇಲ್ಲಿ. ಫೋಲ್ಡರಿನಲ್ಲಿ ಎಲ್ಲ ಫೈಲುಗಳ ಹೆಸರೂ ಇದ್ದವು. ತೆಗೆದ ಸಮಯ ಸರಿಯಿತ್ತು, ಗಾತ್ರವೂ ಸರಿಯಿತ್ತು. ಹಾಳಾದ ಒಂದು ಜೆಪೆಗ್ (ಫೋಟೊ) ಫೈಲನ್ನು, ಒಳಗಿನ ಬೈಟುಗಳನ್ನು ಇದ್ದ ಹಾಗೇ ತೋರಿಸುವ ಹೆಕ್ಸ್ ವ್ಯೂವರ್‌ನಲ್ಲಿ ತೆರೆದೆ. ಜೆಪೆಗ್ ಯಾವುದೇ ಇರಲಿ, ಮೊದಲೆರಡು ಬೈಟ್ ಎಫ್‌ಎಫ್ ಮತ್ತು ಡಿ8 ಆಗಿರಲೇಬೇಕು. ಇದರಲ್ಲಿ ಸೊನ್ನೆ. ಕೆಳಗೆ ಸರಿಸುತ್ತಾ ಹೋದರೂ ಸೊನ್ನೆ, ಕೊನೆಯ ಸಾಲೂ ಸೊನ್ನೆ.

ಕಾರಣವನ್ನು ಬಿಡಿಸಿ ಹೇಳುತ್ತೇನೆ, ಇದು ಅರ್ಥವಾದರೆ ಯಾರೂ ನಿಮ್ಮನ್ನು ಏಮಾರಿಸಲಾರರು. ಮೆಮೊರಿ ಕಾರ್ಡ್ ಎಂದರೆ ಬರೀ ಮೆಮೊರಿಯಲ್ಲ, ಅದರೊಳಗೆ ಕಂಟ್ರೋಲರ್ ಎಂಬ ಪುಟ್ಟ ಕಂಪ್ಯೂಟರ್ ಕೂತಿರುತ್ತದೆ. ಫ್ಲ್ಯಾಶ್ ಮೆಮೊರಿಯಲ್ಲಿ ಕೆಟ್ಟ ತುಣುಕುಗಳು ಇದ್ದೇ ಇರುತ್ತವೆ. ಅವನ್ನು ತಪ್ಪಿಸಿ, ದೋಷ ತಿದ್ದಿ ಬರೆಯುವುದು ಅದರ ಕೆಲಸ. ಕ್ಯಾಮೆರಾ "ನಿನ್ನ ಗಾತ್ರವೆಷ್ಟು" ಎಂದು ಕೇಳುವುದೂ ಇದನ್ನೇ. ಇದನ್ನು ನಡೆಸುವ ಒಳಗಿನ ಪ್ರೋಗ್ರಾಮ್, ಅಂದರೆ ಫರ್ಮ್‌ವೇರ್ ಬದಲಿಸಿದರೆ 32 ಜಿಬಿ ಇರುವ ಕಡೆ 512 ಎಂದು ಉತ್ತರ ಕೊಡುತ್ತದೆ, ಕೇಳಿದವರು ನಂಬುತ್ತಾರೆ. ಹಾರ್ಡ್‌ವೇರ್ ಬಿಚ್ಚಿ ಅಭ್ಯಾಸ ಮಾಡುವ ಆಂಡ್ರ್ಯೂ ಹುವಾಂಗ್ 2010ರಲ್ಲಿ ನಕಲಿ ಮೈಕ್ರೊಎಸ್‌ಡಿ ಕಾರ್ಡುಗಳನ್ನು ಒಡೆದು, ಒಳಗಿನ ಚಿಪ್ಪುಗಳ ಚಿತ್ರ ತೆಗೆದು ವಿವರವಾಗಿ ಬರೆದರು. 2013ರ ಡಿಸೆಂಬರ್‌ನಲ್ಲಿ ಹ್ಯಾಂಬರ್ಗ್‌ನ ಕೇಯಾಸ್ ಕಮ್ಯುನಿಕೇಶನ್ ಕಾಂಗ್ರೆಸ್ ಎಂಬ ಹ್ಯಾಕರ್‌ಗಳ ಸಮ್ಮೇಳನದಲ್ಲಿ ಅವರೂ ಶಾನ್ ಕ್ರಾಸ್ ಅವರೂ ಸೇರಿ, ಇಂಥ ಕಾರ್ಡಿನ ಕಂಟ್ರೋಲರ್‌ಗೆ ತಮ್ಮದೇ ಪ್ರೋಗ್ರಾಮ್ ಹಾಕಿ ಓಡಿಸಬಹುದೆಂದು ತೋರಿಸಿದರು. ಮೋಸಗಾರರು ಮಾಡುವುದೂ ಅದನ್ನೇ, ಕೆಟ್ಟ ಉದ್ದೇಶಕ್ಕೆ.

ನಿಜವಾದ ಜಾಗ ಮುಗಿದ ಮೇಲೆ ಬರುವ ಡೇಟಾಗೆ ಎರಡರಲ್ಲಿ ಒಂದು ಗತಿ. ಕೆಲವು ಕಾರ್ಡುಗಳು ಅದನ್ನು ಸುಮ್ಮನೆ ಎಸೆದು "ಬರೆದಾಯಿತು" ಎನ್ನುತ್ತವೆ. ನನ್ನದು ಈ ಜಾತಿ. ಇನ್ನು ಕೆಲವು ಮತ್ತೆ ಮೊದಲಿಗೆ ಬಂದು ಹಳೆಯದರ ಮೇಲೆಯೇ ಬರೆಯುತ್ತವೆ. ಅಂಥದ್ದು ಸಿಕ್ಕಿದ್ದರೆ ಮೊದಲ ಕೋಣೆಯ ಚಿತ್ರಗಳೂ ನನಗೆ ಉಳಿಯುತ್ತಿರಲಿಲ್ಲ. ಫೈಲುಗಳ ಪಟ್ಟಿಯ ಬಹುಭಾಗ ಸಾಮಾನ್ಯವಾಗಿ ಕಾರ್ಡಿನ ಆರಂಭದ ಭಾಗದಲ್ಲಿ, ಅಂದರೆ ನಿಜವಾದ ಮೆಮೊರಿಯಲ್ಲಿ ಇರುತ್ತದೆ. ಹಾಗಾಗಿ ಹೆಸರು, ದಿನಾಂಕ, ಗಾತ್ರ ಉಳಿದು ಒಳಗಿನ ಹೂರಣ ಮಾತ್ರ ಇಲ್ಲವಾಗುತ್ತದೆ. ಫಾರ್ಮ್ಯಾಟ್ ಮಾಡುವುದು ಪರೀಕ್ಷೆಯಲ್ಲ ಎನ್ನುವುದಕ್ಕೂ ಇದೇ ಕಾರಣ: ಕ್ವಿಕ್ ಫಾರ್ಮ್ಯಾಟ್ ಆ ಪಟ್ಟಿಯನ್ನು ಹೊಸದಾಗಿ ಬರೆಯುತ್ತದೆ, ಉಳಿದ ಜಾಗವನ್ನು ಮುಟ್ಟಿಯೂ ನೋಡುವುದಿಲ್ಲ.

"ಕ್ಯಾಮೆರಾದ ಪರದೆಯಲ್ಲಿ ಕಾಣಲಿಲ್ಲವೇ?" ಎಂದು ಬಹಳ ಜನ ಕೇಳಿದರು. ಕಂಡಿತ್ತು, ಚೆನ್ನಾಗಿಯೇ ಕಂಡಿತ್ತು. ಕ್ಲಿಕ್ಕಿಸಿದ ಕೂಡಲೇ ಮೂಡುವ ಚಿತ್ರ ಸಾಮಾನ್ಯವಾಗಿ ಬರುವುದು ಕ್ಯಾಮೆರಾದ ತಾತ್ಕಾಲಿಕ ಮೆಮೊರಿಯಿಂದ, ಕಾರ್ಡಿನಿಂದಲ್ಲ. ಫೋಕಸ್ ನೋಡಲು ಅದು ಸಾಕು, ಕಾರ್ಡಿನ ಮೇಲೆ ಚಿತ್ರ ಇಳಿದಿದೆ ಎನ್ನುವುದಕ್ಕೆ ಅದು ಪುರಾವೆಯಲ್ಲ. ಕೆಲಸದ ನಡುವೆ ಕ್ಯಾಮೆರಾ ಆಫ್ ಮಾಡಿ ಆನ್ ಮಾಡಿ, ಹಿಂದಿನ ಒಂದೆರಡು ಚಿತ್ರಗಳನ್ನು ಪ್ಲೇಬ್ಯಾಕ್‌ನಲ್ಲಿ ತೆರೆದು ದೊಡ್ಡದು ಮಾಡಿ ನೋಡಿ. ಆಗ ಅದು ಕಾರ್ಡಿನಿಂದಲೇ ಓದಬೇಕಾಗುತ್ತದೆ. ಎರಡು ಕಾರ್ಡ್ ಹಿಡಿಯುವ ಕ್ಯಾಮೆರಾ ಇದ್ದರೆ ಎರಡಕ್ಕೂ ಒಟ್ಟಿಗೆ ಬರೆಸಿ, ಎರಡು ಬೇರೆ ಬೇರೆ ಕಡೆ ಕೊಂಡ ಕಾರ್ಡುಗಳಿರಲಿ.

ಫೈಲ್ ಪಟ್ಟಿಯನ್ನು ನೆಚ್ಚದೆ ಕಚ್ಚಾ ಡೇಟಾದಲ್ಲೇ ಚಿತ್ರಗಳನ್ನು ಹುಡುಕುವ ಫೋಟೊರೆಕ್ ಎಂಬ ಉಚಿತ ತಂತ್ರಾಂಶವನ್ನು ಓಡಿಸಿದೆ. ಅಳಿಸಿಹೋದ ಚಿತ್ರಗಳನ್ನು ತರುವುದರಲ್ಲಿ ಅದು ನಿಜಕ್ಕೂ ಗಟ್ಟಿಗ. ನನಗಾಗಲೇ ಸಿಕ್ಕಿದ್ದ ಚಿತ್ರಗಳನ್ನೇ ಮತ್ತೆ ತಂದುಕೊಟ್ಟಿತು, ಅದರಾಚೆ ಒಂದೂ ಇಲ್ಲ. ಡೇಟಾ ರಿಕವರಿ ಮಾಡುವವರೊಬ್ಬರ ಬಳಿಗೂ ಹೋದೆ. ಅವರು ಕಾರ್ಡ್ ಪರೀಕ್ಷಿಸಿ, "ನೋಡಿ, ಅಳಿಸಿಹೋಗಿದ್ರೆ ಹುಡುಕಿ ಕೊಡ್ತಿದ್ದೆ. ಬರೆದೇ ಇಲ್ಲದ್ದನ್ನ ಎಲ್ಲಿಂದ ತರಲಿ?" ಎಂದು ಹಣ ಮುಟ್ಟದೆ ಕಳಿಸಿದರು. ಅವರ ಪ್ರಾಮಾಣಿಕತೆಗೆ ಋಣಿ. ಇಂಥ ಕಾರ್ಡಿಗೂ "ಖಂಡಿತ ತೆಗೆದುಕೊಡುತ್ತೇವೆ, ಮುಂಗಡ ಕಟ್ಟಿ" ಎನ್ನುವವರು ಸಿಗುತ್ತಾರೆ, ಕಟ್ಟಬೇಡಿ.

ಹಿರಿಯರಿಗೆ ಫೋನ್ ಮಾಡುವುದು ಎಲ್ಲಕ್ಕಿಂತ ಕಷ್ಟವಾಯಿತು. ಎರಡನೇ ಕೋಣೆಯ ವಸ್ತುಗಳೆಲ್ಲ ಅಷ್ಟರಲ್ಲಿ ಬೇರೆ ಬೇರೆಯವರ ಕೈ ಸೇರಿದ್ದವು. ಅವರು ಸಿಟ್ಟಾಗಲಿಲ್ಲ. "ಇನ್ನೊಂದು ಸಲ ಇಟ್ಟು ತೋರಿಸೋಣ ಅಂದ್ರೆ ಈಗ ಇಲ್ಲಿ ಕಪಾಟೇ ಇಲ್ಲವಲ್ಲ" ಎಂದರು. ಇದನ್ನು ಬರೆಯುತ್ತಿರುವುದೇ ಆ ಮಾತಿಗಾಗಿ. ಕಾರ್ಡಿಗೆ ಕೊಟ್ಟ ಹಣ ಹೋದರೆ ಹೋಗಲಿ; ಮದುವೆಯೋ, ಮಗುವಿನ ಮೊದಲ ಹೆಜ್ಜೆಯೋ, ತೀರಿಕೊಂಡವರ ಕೊನೆಯ ವೀಡಿಯೊವೋ ಆ ಸೊನ್ನೆಗಳೊಳಗೆ ಹೋದವರು ಎಷ್ಟು ಮಂದಿಯೋ.

ಇನ್ನು ಪರೀಕ್ಷೆಯ ವಿಷಯ. ನಂಬಬಹುದಾದ ದಾರಿ ಒಂದೇ: ಕಾರ್ಡನ್ನು ಪೂರ್ತಿ ತುಂಬಿಸುವುದು, ತುಂಬಿಸಿದ್ದನ್ನು ಪೂರ್ತಿ ಓದಿ ತಾಳೆ ನೋಡುವುದು. ವಿಂಡೋಸ್‌ನಲ್ಲಿ ಜರ್ಮನಿಯ ಸಿ'ಟಿ ಪತ್ರಿಕೆಯವರ ಎಚ್2ಟೆಸ್ಟ್‌ಡಬ್ಲ್ಯೂ ಇದೆ. ಲಿನಕ್ಸ್ ಮತ್ತು ಮ್ಯಾಕ್ ಬಳಸುವವರಿಗೆ ಮಿಶೆಲ್ ಮಚಾಡೊ ಬರೆದ ಎಫ್3 ಇದೆ. ಎರಡೂ ಉಚಿತ. ಎಫ್3ಯಲ್ಲಿ ಎಫ್3ರೈಟ್ ಒಂದೊಂದು ಜಿಬಿಯ ಫೈಲುಗಳನ್ನು ಜಾಗ ಮುಗಿಯುವವರೆಗೂ ಬರೆಯುತ್ತದೆ, ಆಮೇಲೆ ಎಫ್3ರೀಡ್ ಓದಿ ಎಷ್ಟು ಸರಿಯಿದೆ, ಎಷ್ಟು ಹೋಯಿತು ಎಂದು ಹೇಳುತ್ತದೆ. ನನ್ನ ಕಾರ್ಡಿನಲ್ಲಿ ಸರಿಯಿದ್ದದ್ದು 30 ಜಿಬಿಗಿಂತ ಕಡಿಮೆ. ಬೆಂಚ್‌ಮಾರ್ಕ್ ತಂತ್ರಾಂಶಗಳನ್ನು ಈ ಕೆಲಸಕ್ಕೆ ನೆಚ್ಚಬೇಡಿ. ಅವು ಒಂದು ಸಣ್ಣ ಫೈಲ್ ಬರೆದು ವೇಗ ಅಳೆಯುತ್ತವೆ, ಅಷ್ಟು ಜಾಗ ನಕಲಿ ಕಾರ್ಡಿನಲ್ಲೂ ಇರುತ್ತದೆ.

ಹೊತ್ತು ಹಿಡಿಯುತ್ತದೆ, ನಿಜ. ಸೆಕೆಂಡಿಗೆ 30 ಎಂಬಿ ವೇಗದಲ್ಲಿ 512 ಜಿಬಿ ಬರೆಯಲು ಐದು ಗಂಟೆಗೆ ಸ್ವಲ್ಪ ಕಡಿಮೆ, ಓದುವ ಸಮಯ ಬೇರೆ. ರಾತ್ರಿ ಹಚ್ಚಿಟ್ಟು ಮಲಗಿ. ಪರೀಕ್ಷೆ ಖಾಲಿ ಕಾರ್ಡಿನ ಮೇಲೇ ಆಗಬೇಕು. ಇನ್ನೊಂದು ಮಾತು: 512 ಜಿಬಿ ಕಾರ್ಡ್ ವಿಂಡೋಸ್‌ನಲ್ಲಿ ಸುಮಾರು 476 ಎಂದು, 64 ಜಿಬಿಯದು 59ರ ಆಸುಪಾಸು ಎಂದು ಕಾಣುತ್ತದೆ. ತಯಾರಕರು ಸಾವಿರದ ಲೆಕ್ಕದಲ್ಲಿ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುವುದರಿಂದ ಬರುವ ವ್ಯತ್ಯಾಸ ಅದು, ಮೋಸವಲ್ಲ.

ಜನರ ರೇಟಿಂಗ್ ಏಕೆ ಕೈಕೊಟ್ಟಿತು ಎಂದು ಯೋಚಿಸಿದರೆ ಉತ್ತರ ಸರಳ. ಹೆಚ್ಚಿನವರು ಅಭಿಪ್ರಾಯ ಬರೆಯುವುದು ಕಾರ್ಡ್ ಬಂದ ಹೊಸತರಲ್ಲಿ, ನಿಜವಾದ ಜಾಗ ಇನ್ನೂ ತುಂಬದಿರುವಾಗ. ಅವರು ಸುಳ್ಳು ಹೇಳುತ್ತಿಲ್ಲ, ಅವರ ಮಟ್ಟಿಗೆ ಕಾರ್ಡ್ ಚೆನ್ನಾಗಿಯೇ ಇದೆ. ಹಾಗಾಗಿ ಒಂದು ನಕ್ಷತ್ರ ಕೊಟ್ಟವರನ್ನು ಮೊದಲು ಓದಿ. "ಕೆಲವು ತಿಂಗಳ ನಂತರ ಫೈಲ್ ತೆರೆಯುತ್ತಿಲ್ಲ" ಎಂಬ ಮಾತು ಎರಡು ಕಡೆ ಕಂಡರೆ ಆ ಪುಟ ಮುಚ್ಚಿ. 16 ಟಿಬಿ, 30 ಟಿಬಿ ಎಂದು ಪುಡಿಗಾಸಿಗೆ ಮಾರುವ ಪುಟಾಣಿ ಎಸ್‌ಎಸ್‌ಡಿಗಳ (ಫ್ಲ್ಯಾಶ್ ಮೆಮೊರಿಯ ಡ್ರೈವ್‌ಗಳ) ಕಥೆಯೂ ಇದೇ. ಅಂಥವನ್ನು ಬಿಚ್ಚಿ ತೋರಿಸಿದವರ ವೀಡಿಯೊಗಳನ್ನು ನೋಡಿ: ಡಬ್ಬಿಯೊಳಗೆ ಅಂಟು ಮೆತ್ತಿದ ಒಂದೆರಡು ಮೈಕ್ರೊಎಸ್‌ಡಿ ಕಾರ್ಡು, ಉಳಿದದ್ದು ಗಾಳಿ.

ಮಾರಿದವರು ಮೊದಲು "ಕ್ಯಾಮೆರಾದಲ್ಲೇ ಮತ್ತೊಮ್ಮೆ ಫಾರ್ಮ್ಯಾಟ್ ಮಾಡಿ" ಎಂದು ಬರೆದರು. ಎಫ್3ರೀಡ್ ಕೊಟ್ಟ ಫಲಿತಾಂಶದ ಸ್ಕ್ರೀನ್‌ಶಾಟ್ ಕಳಿಸಿದ ಮೇಲೆ ವರಸೆ ಬದಲಾಯಿತು: ಕಾರ್ಡ್ ನೀವೇ ಇಟ್ಟುಕೊಳ್ಳಿ, ಅರ್ಧ ಹಣ ಕೊಡುತ್ತೇವೆ, ಬರೆದ ಅಭಿಪ್ರಾಯ ಮಾತ್ರ ತೆಗೆಯಿರಿ. ಒಪ್ಪಲಿಲ್ಲ. ನಿಮಗೂ ಹೀಗೆ ಬಂದರೆ ಒಪ್ಪಬೇಡಿ, ಮುಂದೆ ಕೊಳ್ಳುವವರಿಗೆ ಕಾಣುವ ಎಚ್ಚರಿಕೆ ಆ ಅಭಿಪ್ರಾಯವೊಂದೇ.

ವಾಪಸು ಕೊಡುವಾಗ ಕಾರಣದ ಪಟ್ಟಿಯಲ್ಲಿ "ಕೆಟ್ಟಿದೆ" ಎಂದು ಗುರುತು ಹಾಕಬೇಡಿ, "ನಕಲಿ" ಎಂದೇ ಹಾಕಿ. ಕೆಟ್ಟಿದೆ ಎಂದು ಮರಳಿದ್ದು, ಹಾಕಿ ನೋಡಿದಾಗ ನಡೆಯುತ್ತದೆ ಎಂದಾದರೆ, ಮತ್ತೆ ಪೊಟ್ಟಣ ಸೇರಿ ಇನ್ನೊಬ್ಬರ ಮನೆಗೆ ಹೋಗಬಹುದು. ಈ ಕಾರ್ಡ್ ಹಾಕಿ ನೋಡಿದರೆ ನಡೆಯುತ್ತದೆ, ಅದೇ ಅದರ ಅಪಾಯ. ಹಣ ಬಂದು ಕಾರ್ಡ್ ನಿಮ್ಮಲ್ಲೇ ಉಳಿದರೆ, ನಿಜವಾದ ಗಾತ್ರಕ್ಕೆ ಇಳಿಸಿ ಬಳಸಲು ಎಫ್3ಯಲ್ಲೇ ದಾರಿಯಿದೆ. ನಾನು ಅದನ್ನು ಮಾಡಲಿಲ್ಲ, ನೀವೂ ಮಾಡಬೇಡಿ ಎನ್ನುತ್ತೇನೆ: ಮುಂದೆ ಯಾರೋ ಒಮ್ಮೆ ಫಾರ್ಮ್ಯಾಟ್ ಮಾಡಿದರೆ ಅದು ಮತ್ತೆ 512 ಎಂದೇ ಹೇಳಬಹುದು. ಕತ್ತರಿಸಿ ಇ-ತ್ಯಾಜ್ಯಕ್ಕೆ ಹಾಕಿ.