ಹಕ್ಕಿ ಹೆಸರಿನ ಡಚ್ಚರು: ಹೇಗ್‌ನ ಹೆಸರುಕೋಶವನ್ನು ಬಳಸಿ ನೋಡಿದ ಮೇಲೆ

ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಕೆಲಸಕ್ಕಿರುವ ನನ್ನ ಸೋದರಳಿಯನ ಮೇಲಧಿಕಾರಿಯ ಅಡ್ಡಹೆಸರು ಫೋಗಲ್ಸ್. ಡಚ್ ಭಾಷೆಯಲ್ಲಿ ಫೋಗಲ್ ಎಂದರೆ ಹಕ್ಕಿ. ಬೈನಾಕ್ಯುಲರ್ ಹಿಡಿದು ಕಿದೂರಿನ ಕಾಡಂಚಿನಲ್ಲಿ ಅಲೆಯುವ ಮಾವನಿಗೆ ಇದನ್ನು ತಿಳಿಸದೆ ಅವನಿಗೆ ಸಮಾಧಾನವಿಲ್ಲ. ಹೇಗ್ ನಗರದ ಸಿಬಿಜಿ ಎಂಬ ವಂಶೇತಿಹಾಸ ಸಂಸ್ಥೆ ನಡೆಸುವ ಅಡ್ಡಹೆಸರುಗಳ ಕೋಶದ ಕೊಂಡಿಯನ್ನೂ ಕಳುಹಿಸಿದ. ಬದಿಯಡ್ಕದ ಮನೆಯಲ್ಲಿ ಅಡಿಕೆ ಸುಲಿಯುವವರಿಗೆ ಚಹಾ ಕೊಡುವುದನ್ನೂ ಮರೆತು ಅದರಲ್ಲಿ ಮುಳುಗಿದೆ.

ಸೇವೆ ಉಚಿತ. ಮೂರು ಲಕ್ಷಕ್ಕೂ ಹೆಚ್ಚು ಹೆಸರುಗಳಿವೆ. ಒಂದು ಹೆಸರನ್ನು ಹುಡುಕಿದರೆ 1947ರ ಜನಗಣತಿಯಲ್ಲಿ ಆ ಹೆಸರಿನವರು ಎಷ್ಟು ಮಂದಿ, 2007ರಲ್ಲಿ ಎಷ್ಟು ಮಂದಿ ಎಂಬ ಲೆಕ್ಕ ಬರುತ್ತದೆ. ಅರ್ಥ ಹೇಳುವ ಪಟ್ಟಿಗಳು ಎಲ್ಲ ಕಡೆ ಸಿಗುತ್ತವೆ. ಇದರ ಹೆಚ್ಚುಗಾರಿಕೆ ನಕ್ಷೆ. ಹೆಸರು ಎಲ್ಲಿ ದಟ್ಟವಾಗಿದೆ ಎಂಬುದನ್ನು ಊರೂರಿನ ಮಟ್ಟದಲ್ಲಿ ಬಣ್ಣದಿಂದ ತೋರಿಸುತ್ತದೆ. ಫೋಗಲ್ಸ್‌ನವರು ಉತ್ತರ ಬ್ರಬಾಂಟ್ ಪ್ರಾಂತದ ಕಡೆ ಹೆಚ್ಚು. (ಉತ್ತರ ಬ್ರಬಾಂಟ್ ಇರುವುದು ನೆದರ್‌ಲ್ಯಾಂಡ್ಸ್‌ನ ದಕ್ಷಿಣದಲ್ಲಿ. ಕೇರಳದ ತುತ್ತತುದಿಯಲ್ಲಿ ಕುಳಿತು ಕನ್ನಡ ಓದುವ ನಾವು ಇದಕ್ಕೆ ನಗಬಾರದು.)

ಹಕ್ಕಿಯ ಹೆಸರು ಬಂದ ದಾರಿಯೂ ಒಂದೇ ಅಲ್ಲ. ಹಕ್ಕಿ ಹಿಡಿದು ಮಾರುವವನ ಕಸುಬಿನಿಂದ ಬಂದಿರಬಹುದು, ಯಾರದೋ ಹಾಡುವ ಚಪಲಕ್ಕೆ ಊರು ಇಟ್ಟ ಹೆಸರಾಗಿರಬಹುದು. ಮನೆಗಳಿಗೆ ಸಂಖ್ಯೆ ಇಲ್ಲದ ಕಾಲದಲ್ಲಿ ಬಾಗಿಲ ಮೇಲೆ ಹುಂಜದ ಫಲಕ ತೂಗುಹಾಕಿದ್ದ ಮನೆಯವರು ಡೆ ಹಾನ್ (ಡಚ್ಚಿನಲ್ಲಿ ಹುಂಜ) ಆಗಿರಲೂ ಸಾಕು. ಹೆಸರನ್ನು ಕಡ್ಡಾಯವಾಗಿ ನೋಂದಾಯಿಸಬೇಕೆಂದು ನೆಪೋಲಿಯನ್ನನ ಆದೇಶ ಹೊರಟಿದ್ದು 1811ರಲ್ಲಿ. ಬಹಳ ಮಂದಿಗೆ ಅದಕ್ಕೂ ಮೊದಲೇ ಹೆಸರು ಇತ್ತು.

ಹೆಸರು ಹೊತ್ತವರೂ ಸ್ವಾರಸ್ಯದವರು. ಅಮೆಜಾನ್‌ನ ತಂತ್ರಜ್ಞಾನದ ಮುಖ್ಯಸ್ಥ ವರ್ನರ್ ಫೋಗಲ್ಸ್, ಡಚ್ ಹಾಕಿ ತಂಡದ ಗೋಲ್‌ಕೀಪರ್ ಆಗಿದ್ದ ಹೂಸ್ ಫೋಗಲ್ಸ್. ನನಗೆ ಹೆಚ್ಚು ಹಿಡಿಸಿದವರು ಎಲಾ ಫೋಗಲಾರ್ ಎಂಬ ರಾಜಕಾರಣಿ. ಫೋಗಲಾರ್ ಎಂದರೆ ಹಕ್ಕಿ ಹಿಡಿಯುವವ. 2007ರಲ್ಲಿ ವಸತಿ ಸಚಿವೆಯಾಗಿ ಹಿಂದುಳಿದ 40 ಬಡಾವಣೆಗಳ ಸುಧಾರಣೆಗೆ ಕೈಹಾಕಿದರು. ಜನ ಅವನ್ನು ‘ಫೋಗಲಾರ್ ಬಡಾವಣೆಗಳು’ ಎಂದೇ ಕರೆದರು. ಮರುವರ್ಷ ಸಚಿವ ಸ್ಥಾನ ಹೋಯಿತು, ಬಡಾವಣೆಗಳಿಗೆ ಹೆಸರು ಉಳಿಯಿತು.

ಕೊರತೆ ಇಲ್ಲದಿಲ್ಲ. ವಿವರಣೆಗಳು ಡಚ್ ಭಾಷೆಯಲ್ಲಿವೆ, ಕೆಲವು ಹೆಸರುಗಳಿಗೆ ಎರಡೇ ಸಾಲು. ಎಣಿಕೆ 2007ಕ್ಕೆ ನಿಂತಿದೆ. ಆದರೂ ನನಗೆ ಹೊಟ್ಟೆಕಿಚ್ಚು. ಇಲ್ಲಿ ಬಂಟರ ‘ಬರಿ’ ಎಂಬ ಕುಲದ ಹೆಸರು, ಹವ್ಯಕರ ಮನೆಹೆಸರು, ಮಲಯಾಳಿಗಳ ‘ತರವಾಡು’ ಎಂಬ ಮನೆತನದ ಹೆಸರು ಎಲ್ಲವೂ ಇವೆ. ಆದರೆ ನನ್ನ ಮನೆಹೆಸರು ಒಂದು ದಾಖಲೆಯಲ್ಲಿ ಮಲಯಾಳದ ಕಾಗುಣಿತದಂತೆ, ಇನ್ನೊಂದರಲ್ಲಿ ಬರೀ ಇನಿಶಿಯಲ್ ಆಗಿ ಕೂತಿದೆ. ಕಾಸರಗೋಡಿನ ಮನೆಹೆಸರುಗಳಿಗೆ ಇಂಥ ನಕ್ಷೆ ಮಾಡುವವರಿದ್ದರೆ ಅಡಿಕೆಯ ಹಣದಿಂದ ಚಂದಾ ಕೊಡಲು ನಾನು ತಯಾರು.

ಬಳಸುವವರಿಗೆ ಒಂದು ಮಾತು: ಹೆಸರನ್ನು ರೋಮನ್ ಅಕ್ಷರದಲ್ಲೇ ಬರೆಯಿರಿ, ಡೆ ಹಾನ್ ಬೇಕಿದ್ದರೆ ‘ಡೆ’ ಬಿಟ್ಟು ಎಚ್ ಅಕ್ಷರದಲ್ಲಿ ಹುಡುಕಿ. ನಕ್ಷೆ ನೋಡಲು ಮೊಬೈಲಿಗಿಂತ ಕಂಪ್ಯೂಟರ್ ಒಳ್ಳೆಯದು.