ಹಂದಿಗಳ ಬಾಲ ಕಚ್ಚಾಟಕ್ಕೆ ಸರಪಳಿಯೋ, ಗೋಣಿಯೋ, ಕಣಿಕಿಯೋ?

ಕಲಬುರಗಿ ಹತ್ತಿರದ ನಮ್ಮ ಶೆಡ್‌ನಲ್ಲಿರುವುದು ಬಿಳಿ ಯಾರ್ಕ್‌ಶೈರ್ ಹಂದಿಗಳು. ನೆಲಕ್ಕೆ ಶಹಾಬಾದ್ ಫರ್ಸಿ ಕಲ್ಲು ಹಾಸಿದ್ದೇವೆ. ತೊಳೆಯಲು ಸಲೀಸು, ಆದರೆ ಮೂತಿ ಹಾಕಿ ಕೆದಕಲು ಅಲ್ಲಿ ಏನಿದೆ? ಕೆದಕುವುದು, ಅಗಿಯುವುದು ಹಂದಿಯ ಹುಟ್ಟುಗುಣ. ಬೇರೇನೂ ಸಿಗದಿದ್ದರೆ ಪಕ್ಕದ ಹಂದಿಯ ಬಾಲಕ್ಕೆ ಬಾಯಿ ಹಾಕುತ್ತದೆ. ಒಮ್ಮೆ ರಕ್ತ ಬಂತೋ, ಉಳಿದವೂ ಮುತ್ತಿಕೊಳ್ಳುತ್ತವೆ.

ಅಗಿಯಲು ಕೊಡುವುದಕ್ಕೆ ಎಲ್ಲಕ್ಕಿಂತ ಸುಲಭ ಸರಪಳಿ. ಮೇಲಿನಿಂದ ಇಳಿಬಿಟ್ಟರೆ ಮುಗಿಯಿತು. ಗಟಾರ ಕಟ್ಟುವುದಿಲ್ಲ, ಮತ್ತೆ ಖರ್ಚಿಲ್ಲ. ಹೊಸದರಲ್ಲಿ ಎಳೆದಾಡಿದವು, ಆಮೇಲೆ ತಿರುಗಿಯೂ ನೋಡಲಿಲ್ಲ. ಹರಿಯದ, ರುಚಿಯಿಲ್ಲದ ಕಬ್ಬಿಣ, ಬೇಜಾರಾಗದೆ ಇರುತ್ತಾ?

ಹಳೆ ಗೋಣಿಚೀಲ ಇದಕ್ಕಿಂತ ಎಷ್ಟೋ ವಾಸಿ. ತೊಗರಿ ಊರಲ್ಲಿ ಚೀಲಕ್ಕೇನು ಬರ? ಸೆಣಬಿನದೇ ಆಗಬೇಕು, ಪ್ಲಾಸ್ಟಿಕ್ ಎಳೆ ಹೊಟ್ಟೆಗೆ ಹೋದರೆ ಕಷ್ಟ. ಖುಷಿಯಿಂದ ಹರಿಯುತ್ತವೆ, ಆದರೆ ಬೇಗ ಚಿಂದಿಯಾಗುತ್ತದೆ.

ನನ್ನ ಮಟ್ಟಿಗೆ ಗೆದ್ದದ್ದು ಜೋಳದ ಕಣಿಕಿ, ಅಂದರೆ ಒಣಗಿದ ದಂಟು. ಗೇಣುದ್ದ ಕಡಿದು ನೆಲಕ್ಕೆ ಚೆಲ್ಲಿದರೆ ಅಗಿಯುತ್ತವೆ, ಮೂತಿಯಿಂದ ತಳ್ಳುತ್ತವೆ, ಕೊನೆಗೆ ಅದರ ಮೇಲೇ ಮಲಗುತ್ತವೆ. ಕಚ್ಚಾಟ ಕಣ್ಣಿಗೆ ಕಾಣುವಷ್ಟು ಇಳಿಯಿತು. ತೊಂದರೆಯೂ ಜಾಸ್ತಿಯೇ. ಗಟಾರಕ್ಕೆ ಹೋಗಿ ಕಟ್ಟಿಕೊಳ್ಳುತ್ತದೆ. ಮಳೆಗೆ ನೆನೆದು ಬೂಸಲು ಹಿಡಿದದ್ದನ್ನು ಹಾಕುವಂತಿಲ್ಲ. ಬೇಸಿಗೆಯಲ್ಲಿ ರೇಟು ಏರುತ್ತದೆ. "ಎತ್ತಿಗೇ ಕಣಿಕಿ ಇಲ್ಲ, ನೀ ಹಂದಿಗಿ ಹಾಕಲತ್ತಿಯಲ್ಲೋ ತಮ್ಮಾ" ಅಂತ ಪಕ್ಕದ ಹೊಲದ ಕಾಕಾ ಬೈಯುವುದು ಬೇರೆ.

ಹುಟ್ಟಿದ ಕೂಡಲೇ ಬಾಲ ಕತ್ತರಿಸಿಬಿಡಿ ಅನ್ನುವವರೂ ಇದ್ದಾರೆ. ಹಾಗೆ ಕತ್ತರಿಸಿದ ಮರಿಗಳ ಒಂದು ತಂಡವನ್ನು ತಂದು ಸಾಕಿಯೂ ನೋಡಿದೆವು. ಬಾಲದ ಗಾಯ ಕಡಿಮೆ, ನಿಜ. ಆದರೆ ಅವು ಕಿವಿ ಕಚ್ಚಲು ಶುರು ಮಾಡಿದವು! ಬಾಲದಲ್ಲಿ ನರ ಇರುತ್ತದೆ, ಕತ್ತರಿಸಿದರೆ ನೋವಾಗುತ್ತದೆ. ಯೂರೋಪ್ ಒಕ್ಕೂಟದ 2008ರ ನಿರ್ದೇಶನ ಸುಮ್ನೆ ರೂಢಿ ಅಂತ ಬಾಲ ಕತ್ತರಿಸುವುದನ್ನು ಒಪ್ಪುವುದಿಲ್ಲ. ಹುಲ್ಲು, ಕಟ್ಟಿಗೆ, ಮರದ ಹೊಟ್ಟಿನಂಥದ್ದನ್ನು ಹಂದಿಗೆ ಕೊಡಲೇಬೇಕು ಅನ್ನುತ್ತದೆ. ನನಗೂ ಅದೇ ಸರಿ ಅನ್ನಿಸುತ್ತದೆ.

ಇವೆಲ್ಲದರ ಜೊತೆಗೆ ನಮ್ಮ ಬಿಸಿಲೂ ಇದೆಯಲ್ವಾ. ಮೇ ತಿಂಗಳಲ್ಲಿ 42 ಡಿಗ್ರಿ ದಾಟಿದಾಗ, ಬೆವರಿ ತಣ್ಣಗಾಗಲು ಬಾರದ ಪ್ರಾಣಿ ತಗಡಿನ ಕೆಳಗೆ ಏನು ಮಾಡೀತು? ಆಗ ಕಚ್ಚಾಟ ತಡೆಯಲು ಕಣಿಕಿಯೂ ಕೆಲಸಕ್ಕೆ ಬರುವುದಿಲ್ಲ. ಮಧ್ಯಾಹ್ನ ಮೈಗೆ ನೀರು ಹೊಡೆಯಬೇಕು, ಒತ್ತೊತ್ತಾಗಿ ತುಂಬಬಾರದು, ಎಲ್ಲವೂ ಒಟ್ಟಿಗೆ ತಿನ್ನುವಷ್ಟು ಉದ್ದದ ಗೋದಲಿ ಇರಬೇಕು.

ಈಗ ಹಿಂಗಾರಿ ಜೋಳದ ರಾಶಿ ಮುಗಿಯುತ್ತಲೇ ಕಣಿಕಿ ಕೂಡಿಸಿಟ್ಟುಕೊಳ್ಳುತ್ತೇವೆ, ಅದು ತೀರಿದ ಮೇಲೆ ಗೋಣಿ. ಸುರುಳಿ ಇರಬೇಕಾದ ಬಾಲವನ್ನು ಯಾವುದಾದರೂ ಹಂದಿ ಕಾಲ ಸಂದಿಗೆ ಒತ್ತಿಕೊಂಡಿದ್ದರೆ, ಆ ಕೋಣೆಯಲ್ಲಿ ಕಚ್ಚುವುದು ಯಾವುದು ಅಂತ ಹುಡುಕಿ ಬೇರೆ ಹಾಕುತ್ತೇವೆ.