ಮಲಗಿಸಿ, ಇಳಿಬಿಟ್ಟು, ನಿಲ್ಲಿಸಿ: ಒಂದೇ ಕಾಲಿಗೆ ಮೂರು ಥರದ ಎಕ್ಸ್‌ರೇ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ನಿಂತುಕೊಂಡು ತೆಗೆಸುವ ಎಕ್ಸ್‌ರೇಗೆ. ಅದೊಂದು ತೆಗೆಸದೇ ಹೋಗಿದ್ದರೆ ಇಷ್ಟೊತ್ತಿಗೆ ನನ್ನ ಬಲಗಾಲಿನ ಹರಡಿನಲ್ಲಿ, ಅಂದರೆ ಪಾದ ಕಾಲಿಗೆ ಸೇರುವ ಕೀಲಿನಲ್ಲಿ, ಒಂದು ಪ್ಲೇಟು, ಅದರ ಸ್ಕ್ರೂಗಳು ಕೂತಿರುತ್ತಿದ್ದವು. 70,000 ರೂಪಾಯಿ ಸಾಲ ಬೇರೆ.

ನನ್ನದು ಬಳ್ಳಾರಿ ಕೌಲ್ ಬಜಾರ್‌ನಲ್ಲಿ ಜೀನ್ಸ್ ಹೊಲಿಯುವ ಸಣ್ಣ ಜಾಬ್‌ವರ್ಕ್. ಐದು ಮಷಿನ್. ಒಂದರ ಮೇಲೆ ನಾನೇ ಕೂರುತ್ತೇನೆ. ಪೆಡಲ್ ಒತ್ತುವುದು ಬಲಗಾಲು. ಮೇ ತಿಂಗಳಲ್ಲಿ ಪ್ಯಾಂಟಿನ ಬಂಡಲ್ ಹೆಗಲ ಮೇಲಿಟ್ಟುಕೊಂಡು ಮಹಡಿ ಇಳಿಯುತ್ತಿದ್ದೆ. ಇನ್ನೊಂದು ಮೆಟ್ಟಿಲು ಇದೆ ಅನ್ನೋದೇ ಕಾಣಲಿಲ್ಲ. ಪಾದ ಹೊರಳಿತು, ಲಟಕ್ ಅಂದ ಸದ್ದು ನನಗೇ ಕೇಳಿಸಿತು.

ಮೊದಲ ಎಕ್ಸ್‌ರೇ ಎಲ್ಲರಿಗೂ ತೆಗೆಯುವಂಥದ್ದೇ. ಮಲಗಿಸಿ ಎದುರಿಂದ ಒಂದು, ಪಕ್ಕದಿಂದ ಒಂದು, ಕಾಲನ್ನು 15-20 ಡಿಗ್ರಿ ಒಳಕ್ಕೆ ತಿರುಗಿಸಿ ಇನ್ನೊಂದು. ಈ ಮೂರನೆಯದಕ್ಕೆ ಮಾರ್ಟಿಸ್ ವ್ಯೂ ಅಂತಾರೆ. ಹೊರಗಡೆಯ ಸಣ್ಣ ಎಲುಬು, ಅಂದರೆ ಫಿಬುಲಾ, ಕೀಲಿನ ಮಟ್ಟದಲ್ಲೇ ಓರೆಯಾಗಿ ಸೀಳಿತ್ತು. ಈ ಥರದ ಮುರಿತಕ್ಕೆ ‘ವೆಬರ್ ಬಿ’ ಅಂತ ಹೆಸರು ಅಂದರು. ಎಲುಬು ಎಲ್ಲಿ ಮುರಿದಿದೆ ಅಂತ ತಿಳಿಯಲು ಇದು ಸಾಕು. ಕೀಲು ಗಟ್ಟಿಯಾಗಿದೆಯಾ, ಜಾರುತ್ತಾ ಅಂತ ಕೇಳಿದರೆ ಮಾತ್ರ ಈ ಫಿಲ್ಮು ಬಾಯಿ ಬಿಡುವುದಿಲ್ಲ. ಆಪರೇಷನ್ ಬೇಕೋ ಬೇಡವೋ ನಿಂತಿರುವುದು ಅದರ ಮೇಲೆಯೇ.

ಹರಡಿನ ಒಳಗೆ ಟೇಲಸ್ ಅನ್ನೋ ಎಲುಬು ಗೂಡಿನಲ್ಲಿ ಕೂತಂತೆ ಕೂತಿರುತ್ತದೆ. ಗೂಡಿನ ಹೊರಗೋಡೆ ಫಿಬುಲಾ. ಒಳಗಡೆ ಡೆಲ್ಟಾಯ್ಡ್ ಅನ್ನೋ ಲಿಗಮೆಂಟು, ಅಂದರೆ ಎಲುಬಿಗೆ ಎಲುಬು ಕಟ್ಟುವ ಗಟ್ಟಿ ಪಟ್ಟಿ, ಟೇಲಸ್ಸನ್ನು ಹಿಡಿದಿಟ್ಟಿರುತ್ತದೆ. ಹೊರಗೋಡೆ ಮುರಿದರೂ ಒಳಗಿನ ಹಿಡಿತ ಇದ್ದರೆ ಕೀಲು ಜಾರುವುದಿಲ್ಲ, ಕಟ್ಟು ಅಥವಾ ಬೂಟು ಸಾಕು. ಹಿಡಿತವೂ ಹರಿದಿದ್ದರೆ ಟೇಲಸ್ ಹೊರಕ್ಕೆ ಸರಿಯುತ್ತದೆ, ಒಳಗಡೆಯ ಸಂದು ಅಗಲವಾಗುತ್ತದೆ. ಆ ಸಂದು 4 ಮಿಲಿಮೀಟರ್ ದಾಟಿದರೆ, ಅಥವಾ ಟೇಲಸ್‌ನ ಮೇಲಿನ ಸಂದಿಗಿಂತ 1 ಮಿಲಿಮೀಟರ್ ಜಾಸ್ತಿ ಇದ್ದರೆ ಡಾಕ್ಟರುಗಳು ಹುಬ್ಬು ಏರಿಸುತ್ತಾರೆ. 1 ಮಿಲಿಮೀಟರಿಗೆ ಇಷ್ಟು ಗಲಾಟೆಯಾ ಅಂತ ಕೇಳಿದೆ. 1976ರಲ್ಲಿ ರ‍್ಯಾಮ್ಸೆ ಮತ್ತು ಹ್ಯಾಮಿಲ್ಟನ್ ಅನ್ನೋ ಇಬ್ಬರು ಮೃತದೇಹಗಳ ಕಾಲಿನ ಕೀಲುಗಳಲ್ಲಿ ಅಳೆದು ನೋಡಿದ್ದರಂತೆ. ಟೇಲಸ್ 1 ಮಿಲಿಮೀಟರ್ ಹೊರಕ್ಕೆ ಸರಿದರೆ ಎರಡು ಎಲುಬು ಒಂದಕ್ಕೊಂದು ತಾಗುವ ಜಾಗ 42 ಪರ್ಸೆಂಟ್ ಕಡಿಮೆಯಾಯಿತಂತೆ. ಅಷ್ಟು ಭಾರ ಅಷ್ಟೇ ಜಾಗದ ಮೇಲೆ ಬಿದ್ದರೆ ಕೀಲು ಸವೆಯದೇ ಇರುತ್ತಾ?

ಎರಡನೆಯದು ಇಳಿಬಿಟ್ಟು ತೆಗೆಯುವುದು, ಗ್ರಾವಿಟಿ ಸ್ಟ್ರೆಸ್ ವ್ಯೂ. ಮುರಿದ ಕಾಲಿನ ಮಗ್ಗುಲಿಗೇ ಮಲಗಿಸುತ್ತಾರೆ. ಹರಡು ಟೇಬಲ್ಲಿನ ಅಂಚಿನಿಂದ ಆಚೆಗೆ. ಪಾದ ತನ್ನ ಭಾರಕ್ಕೆ ತಾನೇ ಜೋತುಬೀಳುತ್ತದೆ, ಒಳಗಡೆ ಹಿಡಿತ ಇಲ್ಲದಿದ್ದರೆ ಸಂದು ಬಾಯಿ ಬಿಡುತ್ತದೆ. ನೋವು ಅಷ್ಟೇನಿಲ್ಲ, ಐದು ನಿಮಿಷದ ಕೆಲಸ, ಬಿದ್ದ ದಿನವೇ ಮಾಡಬಹುದು. ಅವೆಲ್ಲ ಅದರ ಒಳ್ಳೆಯ ಗುಣ.

ನನ್ನ ಒಳಸಂದು ಮಲಗಿಸಿ ತೆಗೆದದ್ದರಲ್ಲಿ 3.2 ಮಿಲಿಮೀಟರ್ ಇತ್ತು, ಇದರಲ್ಲಿ 5.4 ಬಂತು. ನಾನು ಮೊದಲು ಹೋಗಿದ್ದ ನರ್ಸಿಂಗ್ ಹೋಮಿನವರು ಅಲ್ಲೇ ಅಡ್ಮಿಟ್ ಫಾರ್ಮ್ ಮುಂದಿಟ್ಟರು. ಮನೆಗೆ ಬಂದು ಆ ಫಿಲ್ಮನ್ನು ಕಿಟಕಿಗೆ ಹಿಡಿದು ನನ್ನ ಅಳತೆ ಪಟ್ಟಿಯಿಂದ ಅಳೆದೆ. ಜೀನ್ಸಿನ ಜೋಡಿ ಹೊಲಿಗೆಯ ನಡುವೆ ಕಾಲಿಂಚು ಅಂದರೆ 6 ಮಿಲಿಮೀಟರಿನ ಮೇಲೆ, ಅದನ್ನು ಕಣ್ಣಲ್ಲೇ ಹೇಳುವವನು ನಾನು. ಸಂದು 3 ಮಿಲಿಮೀಟರೂ ಇಲ್ಲ! ಮೋಸ ಮಾಡಿದರು ಅಂತ ಹೆಂಡತಿ ಎದುರು ಕೂಗಾಡಿದೆ. ಆಮೇಲೆ ಗೊತ್ತಾಯಿತು, ಫಿಲ್ಮಿನಲ್ಲಿ ಚಿತ್ರವನ್ನು ಸಣ್ಣದು ಮಾಡಿ ಪ್ರಿಂಟ್ ಹಾಕಿರುತ್ತಾರೆ. ಅಳೆಯುವುದಿದ್ದರೆ ಕಂಪ್ಯೂಟರಿನಲ್ಲೇ ಅಳೆಯಬೇಕು. ಟೇಪು ಹಿಡಿಯಬೇಡಿ, ಮಾನ ಹೋಗುತ್ತದೆ.

ಕೈಯಿಂದ ಪಾದ ಹೊರಕ್ಕೆ ತಿರುವಿ ಹಿಡಿದು ತೆಗೆಯುವುದೂ ಒಂದಿದೆ. ಒಂದು ಸಲ ಮುಟ್ಟಿದ್ದಕ್ಕೇ ನಾನು ಅರಚಿದ್ದರಿಂದ ಅದು ಅಲ್ಲಿಗೇ ಮುಗಿಯಿತು. ಎಂಆರ್‌ಐ ತೆಗೆಸಲಿಲ್ಲ. ಲಿಗಮೆಂಟು ಹರಿದದ್ದು ಅದರಲ್ಲಿ ಕಾಣಬಹುದು, ಆದರೆ ಉಳಿದದ್ದು ಭಾರ ತಡೆಯುತ್ತಾ ಅಂತ ಹೇಳುವುದು ಕಷ್ಟವಂತೆ. ದುಡ್ಡೂ ಜಾಸ್ತಿ. ಅವ್ವನ ಓಟು ನಾಟಿ ಕಟ್ಟಿಗೆ. ಅದರ ಬಗ್ಗೆ ಮನೆಯಲ್ಲಿ ಈಗಲೂ ಮಾತಾಡುವುದಿಲ್ಲ.

ಇನ್ನೊಬ್ಬ ಮೂಳೆ ಡಾಕ್ಟರ ಹತ್ತಿರ ಹೋದೆ. ಮೇಡಂ ಫಿಲ್ಮು ನೋಡಿ, “ಅವಸರ ಬೇಡ. ವಾರ ಆಗಲಿ, ಊತ ಇಳಿಯಲಿ. ನಿಲ್ಲಿಸಿ ನೋಡೋಣ” ಅಂದರು. ಜೋತುಬಿಟ್ಟಾಗ ಬೆರಳು ಕೆಳಮುಖವಾಗುತ್ತವೆ, ಆಗ ಡೆಲ್ಟಾಯ್ಡಿನ ಆಳದ ಹಿಂದಿನ ಎಳೆ ಸಡಿಲವಾಗಿರುತ್ತದೆ. ಪಾದ ನೆಲಕ್ಕೆ ಚಪ್ಪಟೆ ಊರಿದಾಗ ಅದು ಬಿಗಿಯಾಗುತ್ತದೆ, ಮೇಲಿನ ಭಾರವೇ ಟೇಲಸ್ಸನ್ನು ಗೂಡಿನೊಳಕ್ಕೆ ಒತ್ತಿ ಕೂರಿಸುತ್ತದೆ. ಎಳೆಗಳಲ್ಲಿ ಒಂದೆರಡು ಹರಿದು ಮುಖ್ಯವಾದದ್ದು ಉಳಿದಿದ್ದರೂ ಜೋತುಬಿಟ್ಟ ಚಿತ್ರ ‘ಕೆಟ್ಟಿದೆ’ ಅಂತಲೇ ತೋರಿಸಬಹುದು. ನಡೆಯುವ ಕಾಲನ್ನು ನಿಂತಾಗ ನೋಡಬೇಕು ಅನ್ನೋದು ನನಗೆ ಸರಿ ಅನ್ನಿಸಿತು.

ಸರಿ ಅನ್ನಿಸಿದ್ದು ಸುಲಭ, ತೆಗೆಸಿದ್ದೇ ಕಷ್ಟ. ಈ ಎಕ್ಸ್‌ರೇಯ ಒಂದೇ ದೊಡ್ಡ ತಲೆನೋವು ಇದು, ಮೂರು ದಿನ ತಿಂದಿತು.

ಮೊದಲ ಸೆಂಟರಿನಲ್ಲಿ ಚೀಟಿ ಕೊಟ್ಟೆ. ‘ವೇಟ್ ಬೇರಿಂಗ್’, ಅಂದರೆ ಕಾಲಿಗೆ ಭಾರ ಹಾಕಿ ನಿಂತು, ಅಂತ ದಪ್ಪ ಅಕ್ಷರದಲ್ಲಿ ಬರೆದಿತ್ತು. ಹುಡುಗ ಚೀಟಿ ನೋಡಿದ, ನನ್ನ ಕಟ್ಟು ನೋಡಿದ. “ಅಣ್ಣಾ, ಮುರಿದ ಕಾಲ ಮ್ಯಾಲೆ ಹೆಂಗ ನಿಂದರ್ತೀರಿ? ಮಕ್ಕೊಳ್ರಿ, ಎಲ್ಲಾ ಒಂದೇ” ಅಂದ. ನನಗೂ ಭಯ ಇತ್ತು, ಸುಮ್ನೆ ಮಲಗಿದೆ. ರಿಪೋರ್ಟಿನಲ್ಲಿ ಮಾತ್ರ ನಿಂತು ತೆಗೆದದ್ದು ಅಂತಲೇ ಟೈಪ್ ಮಾಡಿದ್ದರು. ಮೇಡಂ ಪಕ್ಕದ ಫಿಲ್ಮು ಎತ್ತಿ ಹಿಡಿದು ಒಂದೇ ಮಾತು ಕೇಳಿದರು, “ಬೆರಳು ಕೆಳಗೆ ನೋಡ್ತಿವೆ. ನಿಂತವರ ಪಾದ ಹೀಗಿರುತ್ತಾ?” ಆರುನೂರು ರೂಪಾಯಿ ನೀರಲ್ಲಿ.

ಎರಡನೇ ಕಡೆ ನಿಲ್ಲಿಸಲು ಒಪ್ಪಿದರು. ಆದರೆ ಅವರ ಸ್ಟ್ಯಾಂಡು ಎದೆಯ ಎಕ್ಸ್‌ರೇಗೆ ಅಂತ ಇರುವಂಥದ್ದು, ಸೊಂಟದಿಂದ ಕೆಳಗೆ ಇಳಿಯುವುದೇ ಇಲ್ಲ. ಹರಡು ಇರುವುದು ನೆಲದ ಹತ್ತಿರ, ಕಿರಣ ಹಾಯುವುದು ಮೇಲೆ. ಬಳ್ಳಾರಿಯ ಮೇ ಬಿಸಿಲಲ್ಲಿ ಆಟೋ ಹತ್ತಿಸಿ ಇಳಿಸಿ ಮಗನಿಗೂ ಸಾಕಾಗಿತ್ತು. ಎಕ್ಸ್‌ರೇಗಿಂತ ಆಟೋಗೇ ಜಾಸ್ತಿ ಖರ್ಚಾಯಿತು.

ಮೂರನೇ ಕಡೆ ಹೋಗುವ ಮೊದಲು ಫೋನ್ ಮಾಡಿ ಕೇಳಿದೆ, ಕಾಲು ಎತ್ತರಕ್ಕೆ ಇಡಲು ಪೆಟ್ಟಿಗೆ ಇದೆಯಾ ಅಂತ. ಇತ್ತು. ಪ್ಲೈವುಡ್ಡಿನದು, ಎರಡು ಮೆಟ್ಟಿಲು, ಹಿಡಿಯಲು ಕಬ್ಬಿಣದ ಕಂಬಿ. ಮೇಲೆ ಯಾರೋ ಮಾರ್ಕರ್ ಪೆನ್ನಿನಲ್ಲಿ ಎರಡು ಪಾದದ ಗುರುತು ಬರೆದಿದ್ದರು, ನನ್ನ ಪಾದಕ್ಕಿಂತ ಸಣ್ಣವು. ಮುರಿದ ಕಾಲಲ್ಲಿ ಮೆಟ್ಟಿಲು ಹತ್ತುವುದು ಅಂದರೆ ಬಿದ್ದ ಮೆಟ್ಟಿಲೇ ನೆನಪಾಗುತ್ತದೆ. ಎಡಗಾಲು ಮೊದಲು, ಮಗನ ಹೆಗಲು, ಆಮೇಲೆ ಬಲಗಾಲು. “ಎರಡಕ್ಕೂ ಸಮ ಭಾರ ಹಾಕಿ” ಅಂದರು ಟೆಕ್ನಿಷಿಯನ್ ಅಕ್ಕ. ಭಾರ ಹಾಕದೇ ಕಂಬಿಗೆ ಜೋತುಬಿದ್ದರೆ ಈ ಎಕ್ಸ್‌ರೇಗೆ ಅರ್ಥವೇ ಇಲ್ಲ. ಅದಕ್ಕೇ ಮೇಡಂ ಮುಂಚೆಯೇ ತಮ್ಮ ರೂಮಿನ ತೂಕದ ಮಷಿನ್ ಮೇಲೆ ಬಲಗಾಲು ಇಡಿಸಿ ನೋಡಿದ್ದರು. 72 ಕೆಜಿ ಮನುಷ್ಯ ನಾನು, ಮೊದಲ ಸಲ ಮುಳ್ಳು 20 ದಾಟಲಿಲ್ಲ, ಎರಡು ಮೂರು ಸಲ ಮಾಡಿದ ಮೇಲೆ 34 ಮುಟ್ಟಿತ್ತು. ಹಲ್ಲು ಕಚ್ಚಿ ಅಷ್ಟೇ ಹಾಕಿದೆ. ನೋವಾಯಿತು, ಆದರೆ ಕಾಲು ಜಾರಿದಂತೆ ಅನ್ನಿಸಲಿಲ್ಲ.

ಒಳಸಂದು 3.0, ಮೇಲಿನ ಸಂದು 3.1. ಹೋಲಿಸಲು ತೆಗೆದ ಎಡಗಾಲಿನದೂ ಹೆಚ್ಚುಕಮ್ಮಿ ಅಷ್ಟೇ. ಪ್ಲೇಟು ಬೇಡ ಅಂದರು. ವಾಕಿಂಗ್ ಬೂಟು ಕೊಟ್ಟರು. ಎರಡನೇ ವಾರ ಮತ್ತೆ ಅದೇ ಪೆಟ್ಟಿಗೆ ಹತ್ತಿದೆ, ಆರನೇ ವಾರ ಮತ್ತೊಮ್ಮೆ. ಸಂದು ಅಲ್ಲಾಡಿರಲಿಲ್ಲ.

ನಿಮ್ಮ ಕಾಲಿಗೂ ಇದೇ ಸರಿ ಅಂತ ನಾನು ಹೇಳಲಾರೆ. ಹರಡಿನ ಒಳಗಡೆ ಹೊರಗಡೆ ಎರಡೂ ಕಡೆ ಎಲುಬು ಮುರಿದಿದ್ದರೆ, ಇಲ್ಲವೇ ಮೊದಲ ಫಿಲ್ಮಿನಲ್ಲೇ ಟೇಲಸ್ ಸರಿದು ನಿಂತಿದ್ದರೆ ನಿಲ್ಲಿಸುವ ಮಾತೇ ಬರುವುದಿಲ್ಲ. ಶುಗರ್ ಇದ್ದು ಪಾದಕ್ಕೆ ಸ್ಪರ್ಶವೇ ತಿಳಿಯದವರ ಲೆಕ್ಕವೂ ಬೇರೆ. ಡಾಕ್ಟರು ಹೇಳದೇ ಮನೆಯಲ್ಲಿ ನಿಂತು ನೋಡುವ ಸಾಹಸವಂತೂ ಬೇಡ. ಬಿದ್ದ ದಿನವೇ ಒಂದು ತೀರ್ಮಾನ ಬೇಕು, ಮತ್ತೆ ಮತ್ತೆ ಓಡಾಡಲು ಜನ ಇಲ್ಲ ಅನ್ನುವವರಿಗೆ ಇಳಿಬಿಟ್ಟು ತೆಗೆಯುವುದೂ ಉಪಯೋಗಕ್ಕೆ ಬರುತ್ತದೆ. ಅದರಲ್ಲಿ ಸಂದು ಬಿಡದಿದ್ದರೆ ನೆಮ್ಮದಿಯಾಗಿ ಮಲಗಬಹುದು. ಬಿಟ್ಟರೆ ಮಾತ್ರ, ವಾರ ಕಾಯಲು ಆಗುತ್ತಾ ಅಂತ ಒಮ್ಮೆ ಕೇಳಿ. ನನಗೆ ಕಾಯಲು ಆಯಿತು, ಯಾಕೆಂದರೆ ಮಷಿನ್ ನಿಂತರೂ ಮಗ ಕಟಿಂಗ್ ನೋಡಿಕೊಂಡ. 70,000 ಇಲ್ಲದ್ದೂ ಒಂದು ಕಾರಣ, ಸುಳ್ಳು ಯಾಕೆ?

ಎಂಟನೇ ವಾರಕ್ಕೆ ಪೆಡಲ್ ಮೇಲೆ ಕಾಲಿಟ್ಟೆ. ಸಂಜೆ ಹೊತ್ತಿಗೆ ಈಗಲೂ ಸ್ವಲ್ಪ ಊದುತ್ತದೆ. ಫಿಲ್ಮುಗಳನ್ನೆಲ್ಲ ಕವರಿನಲ್ಲಿ ಜೋಪಾನವಾಗಿ ಇಟ್ಟಿದ್ದೇನೆ, ಒಂದನ್ನು ಬಿಟ್ಟು. ಮಲಗಿಸಿ ತೆಗೆದು ನಿಲ್ಲಿಸಿದ್ದು ಅಂತ ಬರೆದಿದ್ದರಲ್ಲ, ಅದನ್ನು ಕತ್ತರಿಸಿ ಚಿಲ್ಲರೆ ಜೇಬಿನ ಪ್ಯಾಟರ್ನ್ ಮಾಡಿಕೊಂಡೆ. ಒಳ್ಳೆ ಗಟ್ಟಿ ಶೀಟು, ಚಾಕ್ ಗುರುತು ಚೆನ್ನಾಗಿ ಕೂರುತ್ತದೆ.